ಸೀಸನ್‌ಗೊಂದು ಕಿರ್ದಿ: ಕಲಬುರಗಿಯಲ್ಲಿ ಕೂತು ಬೆಂಗಳೂರು ಎಫ್‌ಸಿಯ ಲೆಕ್ಕ ಇಡುವ ಬಗೆ

ಅಂಕಪಟ್ಟಿ ಫೋನಿನಲ್ಲೇ ಸಿಗುತ್ತದಲ್ಲ, ಮತ್ತೆ ಪಂದ್ಯಗಳ ಲೆಕ್ಕ ಕೈಯಿಂದ ಬರೆದಿಡುವ ಪುಸ್ತಕ ಯಾಕೆ ಅನ್ನುವವರಿಗೆ ಒಂದು ಉದಾಹರಣೆ. 2018-19ರ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ 34 ಅಂಕ ಗಳಿಸಿ ಪಟ್ಟಿಯ ತಲೆಗೆ ಕೂತಿತು. 2022-23ರಲ್ಲೂ ಅದೇ 34 ಅಂಕ, ಆದರೆ ಸ್ಥಾನ ನಾಲ್ಕನೆಯದು. ಮೊದಲನೆಯದು 18 ಪಂದ್ಯದ ದುಡಿಮೆ, ಎರಡನೆಯದು 20 ಪಂದ್ಯದ್ದು. ಇನ್ನೂ ಒಳಗೆ ಹೋದರೆ, 2022-23ರಲ್ಲಿ ತಂಡ ಕೊನೆಯ 8 ಲೀಗ್ ಪಂದ್ಯಗಳನ್ನು ಸಾಲಾಗಿ ಗೆದ್ದಿತ್ತು. ಅಂದರೆ 34ರಲ್ಲಿ 24 ಅಂಕ ಆ 8 ಪಂದ್ಯಗಳಿಂದಲೇ ಬಂತು, ಅದಕ್ಕೂ ಮುಂಚಿನ 12 ಪಂದ್ಯಗಳಿಂದ ಬಂದದ್ದು ಬರೀ 10. ಸೀಸನ್ ಮುಗಿದ ಮೇಲೆ ಪಟ್ಟಿ ನೋಡಿದವರಿಗೆ 34 ಅಷ್ಟೇ ಕಾಣುತ್ತದೆ. ಲೆಕ್ಕ ಇಟ್ಟವರಿಗೆ ಡಿಸೆಂಬರ್‌ನ ಸಂಕಟವೂ ಫೆಬ್ರವರಿಯ ಓಟವೂ ಬೇರೆ ಬೇರೆಯಾಗಿ ಕಾಣುತ್ತವೆ.

ಕಲಬುರಗಿಯ ನೆಹರು ಗಂಜ್‌ನ ಅಡತ ಅಂಗಡಿಗಳಲ್ಲಿ ಗುಮಾಸ್ತರು ಮಾಡುವ ಕೆಲಸವೇ ಇದು. ದಿನದ ವ್ಯವಹಾರ ಮೊದಲು ಕಿರ್ದಿಗೆ, ಅಲ್ಲಿಂದ ಅವರವರ ಖಾತೆಗೆ, ಕೊನೆಗೆ ತಾಳೆ. ಫುಟ್‌ಬಾಲ್ ಸೀಸನ್‌ಗೂ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಪಂದ್ಯದ ಪುಟ ಕಿರ್ದಿ, ಆಟಗಾರನ ಪುಟ ಖಾತೆ. ಇವೆರಡು ತಾಳೆಯಾಗದಿದ್ದರೆ ಎಲ್ಲೋ ತಪ್ಪಿದ್ದೀರಿ ಎಂದೇ ಅರ್ಥ.

ಪುಸ್ತಕ ಕಟ್ಟುವುದು

200 ಪುಟದ ಉದ್ದನೆಯ ನೋಟ್‌ಬುಕ್ ಒಂದು ಸಾಕು. ಸೀಸನ್‌ಗೆ ಒಂದೇ ಪುಸ್ತಕ ಇರಲಿ, ಎರಡು ಸೀಸನ್ ಒಂದರಲ್ಲಿ ತುರುಕಬೇಡಿ. ಮೊದಲ 2 ಪುಟ ವೇಳಾಪಟ್ಟಿಗೆ. ಪ್ರತಿ ಪಂದ್ಯಕ್ಕೆ ಎದುರುಬದುರಿನ 2 ಪುಟ. 24 ಲೀಗ್ ಪಂದ್ಯಕ್ಕೆ 48 ಪುಟ ಹೋಗುತ್ತದೆ, ಲೀಗ್ ಮುಗಿದ ಮೇಲೆ ಮೇಲಿನ ತಂಡಗಳು ಪ್ರಶಸ್ತಿಗಾಗಿ ಆಡುವ ಪ್ಲೇಆಫ್‌ನಲ್ಲಿ ಹೆಚ್ಚೆಂದರೆ 4 ಪಂದ್ಯಕ್ಕೆ ಇನ್ನೂ 8. ಒಟ್ಟು 60 ಪುಟ ಬಿಟ್ಟರೆ ನಿಶ್ಚಿಂತೆ. ಆಟಗಾರರಿಗೆ ತಲಾ ಅರ್ಧ ಪುಟದಂತೆ 20 ಪುಟ ತೆಗೆದಿಡಿ. ಸೀಸನ್ ನಡುವೆ ಹೊಸಬರು ಬರುತ್ತಾರೆ, ಅವರಿಗೂ ಜಾಗ ಬೇಕು. ಅಂಕಪಟ್ಟಿಗೆ 8 ಪುಟ, ಅಮಾನತಿಗೆ 2 ಪುಟ. ಡ್ಯುರಾಂಡ್ ಕಪ್, ಸೂಪರ್ ಕಪ್ ಪಂದ್ಯಗಳನ್ನು ಪುಸ್ತಕ ತಿರುಗಿಸಿ ಹಿಂದಿನಿಂದ ಬರೆಯುತ್ತ ಬನ್ನಿ. ಲೀಗ್ ಗೋಲೂ ಕಪ್ ಗೋಲೂ ಒಂದೇ ಖಾತೆಗೆ ಬಿದ್ದವೆಂದರೆ ಆಮೇಲೆ ಬೇರ್ಪಡಿಸುವುದು ತೊಗರಿಯಲ್ಲಿ ಹರಳು ಆರಿಸಿದ ಹಾಗೆ.

ಒಂದು ಎಚ್ಚರ. ವೇಳಾಪಟ್ಟಿ ಪ್ರಕಟವಾಗುವ ತನಕ ಗೆರೆ ಹಾಕಬೇಡಿ. ಈ ಲೀಗ್‌ನ ಅಳತೆ ವರ್ಷ ವರ್ಷಕ್ಕೆ ಬದಲಾಗುತ್ತದೆ. 2017-18ರಿಂದ 2019-20ರ ತನಕ 10 ತಂಡಗಳಿದ್ದು ತಲಾ 18 ಪಂದ್ಯ ಇದ್ದವು. ಮುಂದಿನ ಮೂರು ಸೀಸನ್ 11 ತಂಡ, 20 ಪಂದ್ಯ. 2023-24ಕ್ಕೆ 22 ಪಂದ್ಯ, 2024-25ಕ್ಕೆ 13 ತಂಡಗಳಾಗಿ 24 ಪಂದ್ಯ. 2025-26ರ ಸೀಸನ್ ಅಂತೂ ಫೆಬ್ರವರಿ 2026ರ ತನಕ ಶುರುವೇ ಆಗಲಿಲ್ಲ. ಶುರುವಾದಾಗ 14 ತಂಡ, ಪ್ರತಿ ಎದುರಾಳಿಯ ಜೊತೆ ಒಂದೇ ಸಲ ಆಟ, ತಂಡಕ್ಕೆ 13 ಪಂದ್ಯ. ಸೆಪ್ಟೆಂಬರ್‌ನಲ್ಲೇ 24 ಪಂದ್ಯಕ್ಕೆ ಗೆರೆ ಹಾಕಿ ಕೂತವರ ಪುಸ್ತಕ ಅರ್ಧ ಖಾಲಿ ಉಳಿಯುವಂಥ ವರ್ಷ ಅದು. ಇನ್ನು ದಿನಾಂಕಗಳನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಮುಂದೂಡಿಕೆ ಸಾಮಾನ್ಯ.

ಶಾಯಿಯ ಬಗ್ಗೆ ಒಂದೇ ಮಾತು. ಮನೆಯ ಪಂದ್ಯಕ್ಕೆ, ಅಂದರೆ ಬೆಂಗಳೂರಿನಲ್ಲೇ ಆಡುವುದಕ್ಕೆ ನೀಲಿ, ಹೊರಗಿನ ಪಂದ್ಯಕ್ಕೆ ಕಪ್ಪು, ಕೆಂಪು ಪೆನ್ನು ಕಾರ್ಡುಗಳಿಗೂ ಕೋಚ್ ಬದಲಾವಣೆಗೂ ಮಾತ್ರ. 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಹೋಗಿ ಜೆರಾರ್ಡ್ ಝರಗೋಝಾ ಬಂದರು. ಅಂಥ ದಿನ ಪುಟದ ಉದ್ದಕ್ಕೂ ಕೆಂಪು ಗೆರೆ ಎಳೆಯಬೇಕು. ಗೆರೆಯ ಮೇಲಿನದು ಒಬ್ಬರ ಲೆಕ್ಕ, ಕೆಳಗಿನದು ಇನ್ನೊಬ್ಬರದು.

ಪಂದ್ಯದ ದಿನ

ಎಡಪುಟದ ನೆತ್ತಿಯಲ್ಲಿ ದಿನಾಂಕ, ಊರು, ಎದುರಾಳಿ, ಶುರುವಾದ ಹೊತ್ತು. ಅದರ ಪಕ್ಕ ಎರಡು ಅಂಕಣ ಬಹಳ ಜನ ಬಿಟ್ಟುಬಿಡುತ್ತಾರೆ: ಬಿಡುವು ಮತ್ತು ಪ್ರಯಾಣ. ಬಿಡುವು ಅಂದರೆ ಹಿಂದಿನ ಪಂದ್ಯಕ್ಕೂ ಇದಕ್ಕೂ ನಡುವೆ ಸಿಕ್ಕ ಪೂರ್ತಿ ದಿನಗಳು. ಭಾನುವಾರ ರಾತ್ರಿ ಆಡಿ ಬುಧವಾರ ಮತ್ತೆ ಆಡಿದರೆ ಬಿಡುವು 2, 3 ಅಲ್ಲ. ಪ್ರಯಾಣದಲ್ಲಿ ಹಿಂದಿನ ಪಂದ್ಯ ಎಲ್ಲಿತ್ತು ಎಂದು ಒಂದೇ ಪದ ಬರೆಯಿರಿ. ಗುವಾಹಟಿಯಿಂದ ಬಂದು 3 ದಿನಕ್ಕೆ ಆಡುವುದೂ ಬೆಂಗಳೂರಿನಲ್ಲೇ ವಾರ ಉಳಿದು ಆಡುವುದೂ ಒಂದೇ ಅಲ್ಲ. ಹತ್ತು ಪಂದ್ಯ ಆದ ಮೇಲೆ ಈ ಎರಡು ಅಂಕಣಗಳನ್ನೇ ಮೇಲಿಂದ ಕೆಳಗೆ ಓದಿ ನೋಡಿ. 70ನೇ ನಿಮಿಷದ ನಂತರ ಗೋಲು ಬಿಟ್ಟುಕೊಟ್ಟ ಪಂದ್ಯಗಳು ಎಲ್ಲಿ ಗುಂಪುಗೂಡಿವೆ ಎನ್ನುವುದು ಗೊತ್ತಾಗುತ್ತದೆ.

ಕೆಳಗೆ ಮೊದಲ ಹನ್ನೊಂದು ಆಟಗಾರರು, ಅವರ ಕೆಳಗೆ ಬದಲಿಗಳು. ಹೆಸರಿನಲ್ಲಿ ಒಂದು ನಿಯಮ ಪಾಲಿಸಿ: ಮೊದಲ ಹೆಸರನ್ನೇ ಬರೆಯಿರಿ. ಮಣಿಪುರದ ಸುರೇಶ್ ಸಿಂಗ್ ವಾಂಗ್ಜಮ್, ರೋಶನ್ ಸಿಂಗ್ ನೌರೆಮ್ ಇಬ್ಬರೂ ಇರುವ ತಂಡದಲ್ಲಿ ‘ಸಿಂಗ್’ ಎಂದು ಬರೆದಿಟ್ಟರೆ ಮೂರು ವಾರದ ನಂತರ ನಿಮಗೇ ತಿಳಿಯದು. ಎದುರಾಳಿ ತಂಡದಲ್ಲೂ ಇನ್ನೊಬ್ಬ ಸಿಂಗ್ ಇರುವ ಸಂಭವವೇ ಹೆಚ್ಚು.

ಬಲಪುಟ ಘಟನೆಗಳಿಗೆ. ಟಿವಿ ನೋಡುತ್ತಲೇ ನೀಟಾಗಿ ಬರೆಯಲು ಹೋಗಬೇಡಿ. ಒಂದು ರದ್ದಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಗೀಚಿಕೊಂಡು ಪಂದ್ಯ ಮುಗಿದ ಮೇಲೆ ಕಿರ್ದಿಗೆ ಇಳಿಸಿ. ಕರೆಂಟು ಹೋಗಿ ಹತ್ತು ನಿಮಿಷ ತಪ್ಪಿದರೂ ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗಿ, ಊಹೆ ತುಂಬಬೇಡಿ. ಗುರುತುಗಳು ಹೀಗಿರಲಿ: ಗೋಲಿಗೆ ‘ಗೋ’, ಪೆನಾಲ್ಟಿ ಗೋಲಿಗೆ ‘ಪೆ’, ಸ್ವಂತ ಬಲೆಗೆ ಹೊಡೆದದ್ದಕ್ಕೆ ‘ಸ್ವ’, ಹಳದಿಗೆ ‘ಹ’, ಕೆಂಪಿಗೆ ‘ಕೆ’, ಬದಲಿಗೆ ‘ಬ’. ಪ್ರತಿ ಗುರುತಿನ ಹಿಂದೆ ನಿಮಿಷ ಇರಲೇಬೇಕು.

ನಿಮಿಷದ ವಿಷಯದಲ್ಲೇ ತಪ್ಪು ಹೆಚ್ಚು. ಮೊದಲಾರ್ಧದ ಹೆಚ್ಚುವರಿ ಹೊತ್ತಿನ ಗೋಲನ್ನು 45+3 ಎಂದೇ ಬರೆಯಿರಿ. 48 ಎಂದು ಬರೆದರೆ ಅದು ಎರಡನೇ ಅರ್ಧದ ಗೋಲಾಗಿಬಿಡುತ್ತದೆ, ‘ವಿರಾಮದ ನಂತರ ಹೇಗೆ ಆಡಿದರು’ ಎಂಬ ಲೆಕ್ಕವೇ ಕೆಟ್ಟುಹೋಗುತ್ತದೆ. ಆಟಗಾರ ಎಷ್ಟು ನಿಮಿಷ ಆಡಿದ ಎಂದು ಎಣಿಸುವಾಗ ಮಾತ್ರ ಹೆಚ್ಚುವರಿ ಹೊತ್ತು ಬಿಡಿ, ಪಂದ್ಯ ಅಂದರೆ 90. 63ನೇ ನಿಮಿಷಕ್ಕೆ ಬದಲಿ ಆದರೆ ಹೊರಗೆ ಹೋದವನಿಗೆ 63, ಒಳಗೆ ಬಂದವನಿಗೆ 27. 90+2ಕ್ಕೆ ಬಂದವನಿಗೆ 1 ನಿಮಿಷ ಕೊಟ್ಟು ಬಿಟ್ಟುಕೊಟ್ಟವನಿಗೆ 89 ಇಡಿ. ಸ್ವಲ್ಪ ಅನ್ಯಾಯ ಅನ್ನಿಸಬಹುದು, ಆದರೆ ತಾಳೆ ಉಳಿಯುತ್ತದೆ.

ತಾಳೆ ಎಂದರೆ ಇದು. 11 ಜನ, 90 ನಿಮಿಷ, ಒಟ್ಟು 990. ಪಂದ್ಯದ ಎಲ್ಲರ ನಿಮಿಷ ಕೂಡಿಸಿದರೆ 990 ಬರಲೇಬೇಕು. 60ನೇ ನಿಮಿಷಕ್ಕೆ ಒಬ್ಬನಿಗೆ ಕೆಂಪು ಬಿದ್ದಿದ್ದರೆ 960. ಪ್ಲೇಆಫ್ ಪಂದ್ಯ 120 ನಿಮಿಷಕ್ಕೆ ಹೋದರೆ 1320. ಹತ್ತರಲ್ಲಿ ಒಂಬತ್ತು ಸಲ ವ್ಯತ್ಯಾಸ ಬರುವುದು ಐದು ಬದಲಿಗಳಲ್ಲಿ ಒಂದನ್ನು ಬಿಟ್ಟಿದ್ದರಿಂದ. ಒಂದೇ ಸಲ ಇಬ್ಬರು ಮೂವರನ್ನು ಬದಲಿಸುವುದು ಈಗಿನ ರೂಢಿ. ವಿರಾಮ ಬಿಟ್ಟರೆ ತಂಡಕ್ಕೆ ಬದಲಿ ಮಾಡಲು ಸಿಗುವುದು ಮೂರೇ ಅವಕಾಶ, ಅದಕ್ಕೇ ಹೀಗೆ ಗುಂಪಾಗಿ ಬರುತ್ತಾರೆ. ಟಿವಿಯಲ್ಲಿ ಮೊದಲನೆಯವನ ಹೆಸರು ಬರೆಯುವಷ್ಟರಲ್ಲಿ ಮೂರನೆಯವನ ಫಲಕ ಇಳಿದುಹೋಗಿರುತ್ತದೆ.

ಗೋಲಿಗೂ ತಾಳೆ ಇದೆ. ಆಟಗಾರರ ಗೋಲು ಕೂಡಿಸಿ, ಎದುರಾಳಿಯ ಸ್ವಂತ ಗೋಲು ಸೇರಿಸಿದರೆ ತಂಡದ ಗೋಲು ಬರಬೇಕು. ‘ಸ್ವ’ಕ್ಕೆ ಒಂದು ಪ್ರತ್ಯೇಕ ಖಾತೆ ತೆರೆಯಿರಿ, ಯಾವ ಆಟಗಾರನ ಹೆಸರಿಗೂ ಹಾಕಬೇಡಿ. ಏಪ್ರಿಲ್ 12, 2025ರ ಫೈನಲ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಬೆಂಗಳೂರಿಗೆ ಸಿಕ್ಕ ಒಂದೇ ಗೋಲು ಆಲ್ಬರ್ಟೊ ರೊಡ್ರಿಗೆಸ್ ಅವರ ಸ್ವಂತ ಗೋಲು. ಆ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 2-1ರಲ್ಲಿ ಕೈಜಾರಿತು. ಆ ದಿನದ ಕಿರ್ದಿಯಲ್ಲಿ ಬೆಂಗಳೂರಿನ ಯಾರ ಖಾತೆಗೂ ಜಮಾ ಇಲ್ಲ.

ಪೆನಾಲ್ಟಿ ಶೂಟೌಟ್ ಗೋಲುಗಳು ಖಾತೆಗೆ ಹೋಗುವುದೇ ಇಲ್ಲ. 2023ರ ಮಾರ್ಚ್ 18ರ ಫೈನಲ್ ಎಟಿಕೆ ಮೋಹನ್ ಬಗಾನ್ ಜೊತೆ 2-2 ಆಗಿ ಶೂಟೌಟ್‌ನಲ್ಲಿ 4-3ಕ್ಕೆ ಸೋಲಾಯಿತು. ಪುಸ್ತಕದಲ್ಲಿ ಪಂದ್ಯ 2-2, ಶೂಟೌಟ್ ಕೆಳಗಿನ ಸಾಲಿಗೆ. ಅದೇ ತಿಂಗಳ 3ನೇ ತಾರೀಖು ಬೆಂಗಳೂರಿನ ಕಂಠೀರವ ಮೈದಾನದಲ್ಲಿ ನಡೆದ ಪಂದ್ಯ ಇನ್ನೊಂದು ವಿಚಿತ್ರ. 90 ನಿಮಿಷಕ್ಕೆ 0-0. ಹೆಚ್ಚುವರಿ ಅವಧಿಯಲ್ಲಿ ಸುನಿಲ್ ಛೆಟ್ರಿ ಎದುರಾಳಿ ಆಟಗಾರರು ಗೋಡೆಯಂತೆ ಸಾಲಾಗಿ ನಿಲ್ಲುವ ಮುಂಚೆಯೇ ಫ್ರೀಕಿಕ್ ಹೊಡೆದು ಗೋಲು ಮಾಡಿದರು, ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋಯಿತು, ಪಂದ್ಯ ಬೆಂಗಳೂರಿಗೆ ಸಂದಿತು. ಇಂಥ ಪಂದ್ಯದ ನಿಮಿಷದ ತಾಳೆ ಬರುವುದಿಲ್ಲ. ‘ಅರ್ಧಕ್ಕೆ ನಿಂತದ್ದು’ ಎಂದು ಪುಟದಲ್ಲಿ ಬರೆದು ಆಟ ನಿಂತ ಹೊತ್ತಿನ ತನಕದ ನಿಮಿಷಗಳನ್ನಷ್ಟೇ ಇಡಿ.

ಖಾತೆ ಮತ್ತು ಅಮಾನತು

ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಖಾತೆಗೆ ಏರಿಸಿಬಿಡಿ, ಹದಿನೈದು ನಿಮಿಷದ ಕೆಲಸ. ಎರಡು ಪಂದ್ಯ ಬಾಕಿ ಬಿದ್ದರೆ ಮೂರನೆಯದೂ ಬೀಳುತ್ತದೆ. ಖಾತೆಯಲ್ಲಿ ಐದು ಅಂಕಣ: ಪಂದ್ಯದ ಸಂಖ್ಯೆ, ನಿಮಿಷ, ಗೋಲು, ಹಳದಿ, ಷರಾ. ಷರಾದಲ್ಲಿ ಗಾಯ, ಆಡಿದ ಜಾಗ, ದೇಶದ ಪರ ಆಡಲು ಹೋದದ್ದು ಇತ್ಯಾದಿ.

ಗೋಲು ಮಾತ್ರ ನೋಡುವವರಿಗೆ ನಿಮಿಷದ ಬೆಲೆ ತಿಳಿಯುವುದಿಲ್ಲ. ಛೆಟ್ರಿ 40ರ ವಯಸ್ಸಿನಲ್ಲಿ, 2024-25ರ ಲೀಗ್‌ನಲ್ಲಿ 14 ಗೋಲು ಹೊಡೆದರು. ಅದರಲ್ಲಿ ಎಷ್ಟು ಬದಲಿಯಾಗಿ ಬಂದು, ಎಷ್ಟು ಮೊದಲಿಂದ ಆಡಿ, ಎಷ್ಟು ಪೆನಾಲ್ಟಿ ಎಂಬುದು ಖಾತೆ ಇಟ್ಟವರಿಗೆ ಒಂದೇ ಕಣ್ಣೋಟಕ್ಕೆ ಸಿಗುತ್ತದೆ. ಗೋವಾ ವಿರುದ್ಧದ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಕೊನೆಯ ಕ್ಷಣದ ಅವರ ಹೆಡರ್ ಎರಡೂ ಪಂದ್ಯದ ಒಟ್ಟು ಗೋಲು ಲೆಕ್ಕ 3-2 ಮಾಡಿ ತಂಡವನ್ನು ಫೈನಲ್‌ಗೆ ಸೇರಿಸಿತು. ಅಂಥದ್ದಕ್ಕೆ ಷರಾ ಅಂಕಣ ಚಿಕ್ಕದಾಗುತ್ತದೆ, ಅಂಚಿನಲ್ಲಿ ಬರೆಯಿರಿ.

ಅಮಾನತಿನ ಪುಟದಲ್ಲಿ ಪ್ರತಿ ಹೆಸರಿನ ಮುಂದೆ ನಾಲ್ಕು ಮನೆ. 4 ಹಳದಿ ತುಂಬಿದರೆ ಮುಂದಿನ 1 ಪಂದ್ಯ ಇಲ್ಲ. ನಿಯಮಾವಳಿ ಪ್ರತಿ ಸೀಸನ್ ಹೊಸದಾಗಿ ಬರುತ್ತದೆ, ಶುರುವಿನಲ್ಲೇ ಈ ಸಂಖ್ಯೆ ನೋಡಿಕೊಳ್ಳಿ. ಒಂದೇ ಪಂದ್ಯದಲ್ಲಿ ಎರಡು ಹಳದಿ ತಿಂದು ಕೆಂಪಾದವರದ್ದನ್ನು ಈ ನಾಲ್ಕು ಮನೆಗೆ ಹಾಕದೆ ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ, ಇಲ್ಲವಾದರೆ ಎಣಿಕೆ ಹೆಚ್ಚಾಗಿ ಆಟಗಾರ ನಿಮ್ಮ ಪುಸ್ತಕದಲ್ಲಿ ಮಾತ್ರ ಅಮಾನತಾಗುತ್ತಾನೆ. ಮೂರು ಮನೆ ತುಂಬಿದ ಹೆಸರಿಗೆ ಕೆಂಪು ಸುತ್ತು ಹಾಕಿ. ದೊಡ್ಡ ಪಂದ್ಯದ ಹಿಂದಿನ ವಾರ ಒಬ್ಬ ಮಧ್ಯಮ ಸಾಲಿನ ಆಟಗಾರ ಯಾಕೆ ತಣ್ಣಗೆ ಆಡುತ್ತಿದ್ದಾನೆ ಎಂಬುದಕ್ಕೆ ಹಲವು ಸಲ ಉತ್ತರ ಈ ಸುತ್ತಿನಲ್ಲೇ ಇರುತ್ತದೆ.

ಅಂಕಪಟ್ಟಿ ಓದುವುದು

ಮೂರು ಪಂದ್ಯಕ್ಕೊಮ್ಮೆ ಪೂರ್ತಿ ಪಟ್ಟಿಯನ್ನು ಕೈಯಿಂದ ಬರೆಯಿರಿ. ವಾರ ವಾರ ಬರೆದರೆ ಬೇಸರ ಬರುತ್ತದೆ, ಐದಾರು ಪಂದ್ಯಕ್ಕೊಮ್ಮೆ ಆದರೆ ತಿರುವುಗಳು ಕಾಣುವುದಿಲ್ಲ.

ತಂಡಗಳ ಸಂಖ್ಯೆ 11 ಅಥವಾ 13 ಇದ್ದ ವರ್ಷ ಪ್ರತಿ ಸುತ್ತಿನಲ್ಲೂ ಒಂದು ತಂಡ ಸುಮ್ಮನೆ ಕೂರಬೇಕು. ಅದರ ಮೇಲೆ ಮುಂದೂಡಿದ ಪಂದ್ಯಗಳು. ಹಾಗಾಗಿ ಜನವರಿಯಲ್ಲಿ, ಇಲ್ಲಿ ತೊಗರಿ ರಾಶಿ ನಡೆಯುವ ಹೊತ್ತಿಗೆ, ಪಟ್ಟಿಯಲ್ಲಿ ಯಾರೂ ಸಮಾನ ಪಂದ್ಯ ಆಡಿರುವುದಿಲ್ಲ. ಆಗ ಗಳಿಸಿದ ಅಂಕ ನೋಡಬೇಡಿ, ಕಳೆದುಕೊಂಡ ಅಂಕ ನೋಡಿ. ಆಡಿದ ಪಂದ್ಯವನ್ನು 3ರಿಂದ ಗುಣಿಸಿ ಅಂಕ ಕಳೆಯಿರಿ. ಒಂದು ತಂಡ 15 ಪಂದ್ಯಕ್ಕೆ 27 ಅಂಕ ಗಳಿಸಿದ್ದರೆ ಕಳೆದದ್ದು 18. ಇನ್ನೊಂದು 13 ಪಂದ್ಯಕ್ಕೆ 24 ಗಳಿಸಿದ್ದರೆ ಕಳೆದದ್ದು 15. ಫೋನಿನ ಪಟ್ಟಿಯಲ್ಲಿ ಮೊದಲನೆಯದು ಮೇಲಿರುತ್ತದೆ, ನಿಜವಾಗಿ ಗಟ್ಟಿ ಇರುವುದು ಎರಡನೆಯದು.

ಸೀಸನ್ ಸೀಸನ್ ಹೋಲಿಸುವಾಗ ಪಂದ್ಯಕ್ಕೆ ಸರಾಸರಿ ಅಂಕ ತೆಗೆಯಿರಿ. 2017-18ರಲ್ಲಿ 18 ಪಂದ್ಯಕ್ಕೆ 40, ಅಂದರೆ 2.22. 2018-19ರಲ್ಲಿ 1.89. 2022-23ರಲ್ಲಿ 1.70. 2023-24ರಲ್ಲಿ 22 ಪಂದ್ಯಕ್ಕೆ 22, ನೇರ 1.00, ಹತ್ತನೇ ಸ್ಥಾನ. ಮುಂದಿನ ವರ್ಷ 24 ಪಂದ್ಯಕ್ಕೆ 38, ಅಂದರೆ 1.58, ಮೂರನೇ ಸ್ಥಾನ. ಈ ಐದು ಸಂಖ್ಯೆ ಪಕ್ಕಪಕ್ಕ ಬರೆದರೆ ಕ್ಲಬ್ಬಿನ ಏರಿಳಿತ ಬೇರೆ ವಿವರಣೆ ಬೇಡುವುದಿಲ್ಲ.

ಮೊದಲ ಆರು ತಂಡ ಪ್ಲೇಆಫ್‌ಗೆ ಹೋದ ವರ್ಷಗಳಲ್ಲಿ ಮುಖ್ಯವಾದದ್ದು ಆರನೇ ಮನೆಯ ಗೆರೆ. ಆರನೇ ಸ್ಥಾನ ಸಿಕ್ಕದ್ದು 2022-23ರಲ್ಲಿ 30 ಅಂಕಕ್ಕೆ, 2023-24ರಲ್ಲಿ 27ಕ್ಕೆ, 2024-25ರಲ್ಲಿ 36ಕ್ಕೆ. ಸರಾಸರಿ 1.50, 1.23, 1.50. ಆದ್ದರಿಂದ ಪುಟದಲ್ಲಿ ಪ್ರತಿ ಪಂದ್ಯದ ಎದುರು ಆ ತನಕದ ಪಂದ್ಯ ಸಂಖ್ಯೆಯ ಒಂದೂವರೆ ಪಟ್ಟು ಬರೆದಿಡಿ: 4ಕ್ಕೆ 6, 8ಕ್ಕೆ 12, 12ಕ್ಕೆ 18. ನಿಮ್ಮ ತಂಡ ಆ ಸಂಖ್ಯೆಯ ಮೇಲಿದ್ದರೆ ಒಂದು ಸೋಲಿಗೆ ತಲೆಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಐದು ಅಂಕ ಕೆಳಗಿದ್ದರೆ ಒಂದು ಗೆಲುವಿಗೆ ಪಟಾಕಿ ಹಚ್ಚುವುದೂ ಬೇಡ. ವರ್ಷದ ಮಾದರಿಯಲ್ಲಿ ಪ್ಲೇಆಫ್ ಇಲ್ಲದಿದ್ದರೆ ಈ ಗೆರೆಯೂ ಇಲ್ಲ, ಆಗ ಮೊದಲ ಸ್ಥಾನದ ತಂಡದ ಕಳೆದ ಅಂಕವನ್ನೇ ಗುರಿಯಾಗಿಡಿ.

ಅಂಕ ಸಮವಾದಾಗ ಮೊದಲು ನೋಡುವುದು ಆ ತಂಡಗಳ ಮುಖಾಮುಖಿ ಫಲಿತಾಂಶ, ಆಮೇಲೆ ಒಟ್ಟು ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದು ಕಳೆದು ಉಳಿದದ್ದು. ಯುರೋಪಿನ ಕೆಲವು ಲೀಗ್ ನೋಡಿ ಬಂದವರು ಇದನ್ನು ಉಲ್ಟಾ ಮಾಡಿಕೊಳ್ಳುತ್ತಾರೆ. 2018-19ರಲ್ಲಿ ಬೆಂಗಳೂರು, ಗೋವಾ ಎರಡಕ್ಕೂ 34. ಲೀಗ್‌ನ ಎರಡೂ ಪಂದ್ಯದಲ್ಲಿ ಗೋವಾವನ್ನು ಸೋಲಿಸಿದ್ದರಿಂದ ಬೆಂಗಳೂರು ಮೇಲೆ. 2022-23ರಲ್ಲಿ ಎಟಿಕೆ ಮೋಹನ್ ಬಗಾನ್‌ಗೂ 34. ಅವರು ಇಲ್ಲಿ ಬಂದು 1-0, ನಮ್ಮವರು ಅಲ್ಲಿ ಹೋಗಿ 2-1, ಮುಖಾಮುಖಿ ಸರಿಸಮ. ಆಗ ಒಟ್ಟು ಗೋಲು ವ್ಯತ್ಯಾಸಕ್ಕೆ ಹೋಗಿ ಬೆಂಗಳೂರು ನಾಲ್ಕಕ್ಕೆ ಇಳಿಯಿತು. 2024-25ರಲ್ಲಂತೂ ಬೆಂಗಳೂರು, ನಾರ್ತ್‌ಈಸ್ಟ್, ಜಮ್ಶೆಡ್‌ಪುರ ಮೂರಕ್ಕೂ 38. ಗೋಲು ವ್ಯತ್ಯಾಸ ನಾರ್ತ್‌ಈಸ್ಟ್‌ನದ್ದೇ ಹೆಚ್ಚು, ಆದರೂ ಮೂರನೇ ಸ್ಥಾನ ಬೆಂಗಳೂರಿಗೆ. ಅದರ ಫಲ ಸಣ್ಣದಲ್ಲ: ಮೂರನೆಯವರು ಆರನೆಯವರನ್ನು ತಮ್ಮ ಮನೆಯಲ್ಲೇ ಎದುರಿಸುತ್ತಾರೆ. ಕಂಠೀರವದಲ್ಲಿ ಮುಂಬೈ ಸಿಟಿಗೆ 5-0 ಆದದ್ದು ಹಾಗೆ. ಪುಸ್ತಕದಲ್ಲಿ ಪ್ರತಿ ಎದುರಾಳಿಗೆ ಒಂದು ಸಾಲು ಇಟ್ಟು ಎರಡೂ ಪಂದ್ಯದ ಫಲಿತಾಂಶ ಅಕ್ಕಪಕ್ಕ ಬರೆದಿದ್ದರೆ ಮಾರ್ಚ್‌ನಲ್ಲಿ ಈ ಲೆಕ್ಕಕ್ಕೆ ಎರಡೇ ನಿಮಿಷ.

ಒಂದು ಪಂದ್ಯಕ್ಕಾದರೂ ಹೋಗುವುದಾದರೆ

ಬೀದರ್‌ನವರಿಗೆ ಹತ್ತಿರದ ದೊಡ್ಡ ಲೀಗ್ ಮೈದಾನ ಬೆಂಗಳೂರಿನದ್ದಲ್ಲ, ಹೈದರಾಬಾದಿನ ಗಚ್ಚಿಬೌಲಿಯದ್ದಾಗಿತ್ತು. ಬೆಂಗಳೂರು ಅಲ್ಲಿಗೆ ಆಡಲು ಬಂದಾಗ ಬೆಳಿಗ್ಗೆ ಹೊರಟು ರಾತ್ರಿ ಮರಳಬಹುದಿತ್ತು. 2025ರಲ್ಲಿ ಹೈದರಾಬಾದ್ ಎಫ್‌ಸಿ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಆದ ಮೇಲೆ ಆ ದಾರಿ ಮುಚ್ಚಿತು. ಈಗ ಬೀದರ್, ಕಲಬುರಗಿ, ಯಾದಗಿರಿ ಮೂವರಿಗೂ ಕಂಠೀರವವೇ ಗತಿ.

ಯಾವ ಪಂದ್ಯ ಆರಿಸಬೇಕು ಎಂದರೆ, ಕೇರಳ ಬ್ಲಾಸ್ಟರ್ಸ್ ಪಂದ್ಯಕ್ಕೆ ಗದ್ದಲ ಜಾಸ್ತಿ, ಟಿಕೆಟ್ ಬೇಗ ಖಾಲಿ. ಆಟ ನೋಡುವ ಉದ್ದೇಶವಾದರೆ ಶನಿವಾರ ಅಥವಾ ಭಾನುವಾರದ, ಬಿಡುವು 5ಕ್ಕಿಂತ ಹೆಚ್ಚಿರುವ ಮನೆಯ ಪಂದ್ಯ ಆರಿಸಿ. ನಿಮ್ಮ ಬಿಡುವಿನ ಅಂಕಣ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಕಲಬುರಗಿಯಿಂದ ವಂದೇ ಭಾರತ್ ಬೆಳಗಿನ ಜಾವ ಹೊರಟು ಮಧ್ಯಾಹ್ನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಸೇರುತ್ತದೆ. ವಾರಕ್ಕೆ 6 ದಿನ ಮಾತ್ರ ಓಡುತ್ತದೆ, ಇಲ್ಲಿಂದ ರಜೆ ಇರುವ ದಿನವೂ ಅಲ್ಲಿಂದ ರಜೆ ಇರುವ ದಿನವೂ ಬೇರೆ ಬೇರೆ. ಟರ್ಮಿನಲ್‌ನಿಂದ ಆಟೊದಲ್ಲಿ ಬೈಯಪ್ಪನಹಳ್ಳಿ ಮೆಟ್ರೊ, ಅಲ್ಲಿಂದ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ, ಮೈದಾನ ನಡೆದು ಹೋಗುವ ದೂರ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣ ಮಾಡುವವರು ಕೆಎಸ್‌ಆರ್ ನಿಲ್ದಾಣದಲ್ಲಿ ಇಳಿದು ಅದೇ ನೇರಳೆ ಮಾರ್ಗ ಹಿಡಿದರೆ ನಾಲ್ಕನೇ ನಿಲ್ದಾಣ ಕಬ್ಬನ್ ಪಾರ್ಕ್.

ಮರಳುವ ಟಿಕೆಟ್‌ನಲ್ಲೇ ಜನ ಎಡವುತ್ತಾರೆ. 7.30ಕ್ಕೆ ಶುರುವಾದ ಪಂದ್ಯ 9.20 ದಾಟಿಯೇ ಮುಗಿಯುತ್ತದೆ. ಗೇಟಿನಿಂದ ಹೊರಬಂದು ಮೆಟ್ರೊ ಹತ್ತುವಷ್ಟರಲ್ಲಿ 10. ಸಂಜೆಯ ಗಾಡಿ ಆಗಲೇ ಹೊರಟಿರುತ್ತದೆ, ಸ್ಲೀಪರ್ ಬಸ್ ನಂಬಿಕೊಂಡರೆ 80ನೇ ನಿಮಿಷಕ್ಕೇ ಎದ್ದು ಬರಬೇಕಾಗುತ್ತದೆ. ಒಂದು ರಾತ್ರಿ ಉಳಿದು ಮರುದಿನ ಮಧ್ಯಾಹ್ನದ ವಂದೇ ಭಾರತ್ ಹಿಡಿಯಿರಿ, ಕಲಬುರಗಿಗೆ ತಲುಪುವುದು ರಾತ್ರಿ ಬಹಳ ತಡವಾಗಿ. ದಾರಿಯಲ್ಲಿ ಕಿರ್ದಿ ಇಳಿಸಿ, ಖಾತೆ ಏರಿಸಿ, 990 ತಾಳೆ ಮಾಡುವಷ್ಟು ಹೊತ್ತು ಸಿಗುತ್ತದೆ. ಮೈದಾನದಲ್ಲಿ ಕೂತವರಿಗೆ ಮರುಪ್ರಸಾರ ಇರುವುದಿಲ್ಲವಾದ್ದರಿಂದ ಗೋಲು ಹೊಡೆದವನ ಹೆಸರಿನಲ್ಲಿ ಅನುಮಾನ ಇದ್ದರೆ ಪೆನ್ಸಿಲ್‌ನಲ್ಲೇ ಬಿಟ್ಟು, ಊರಿಗೆ ಬಂದು ಮುಖ್ಯಾಂಶ ನೋಡಿದ ಮೇಲೆ ಶಾಯಿ ಹಾಕಿ.